ನಡುಹಗಲಿನ ಪೊರಕೆ

ಅಮ್ಮನಿಗೆ ಕತ್ತಲೆಯ ಭಯ ಎಂದೂ ಇರಲಿಲ್ಲ. ಅವಳು ಹೆದರುತ್ತಿದ್ದುದು ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ.

ಮಗಳಿಗೆ ಇದು ಗೊತ್ತಾದದ್ದು ಕೂಸನ್ನು ಕಟ್ಟಿಕೊಂಡು ಅಮ್ಮನ ಮನೆಗೆ ಬಂದು ಇರತೊಡಗಿದ ಮೇಲೆ. ಗಂಡನಿಗೆ ಹಡಗಿನ ಕೆಲಸ, ಆರು ತಿಂಗಳು ನೀರಿನ ಮೇಲೆ. ಅಮ್ಮನದು ಎರಡೇ ಕೋಣೆಯ ಮನೆ. ಮಧ್ಯಾಹ್ನ ಊಟಕ್ಕೆ ಬಂದ ಅಮ್ಮ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಯ ಹೊಸ್ತಿಲ ಮುಂದೆ ನಿಂತುಬಿಡುತ್ತಿದ್ದಳು. ತುರುಬಿಗೆ ಸಿಕ್ಕಿಸಿಕೊಂಡ ಒಂದು ಒಣ ಕಡ್ಡಿಯನ್ನು ಎಳೆದು, ಕೈ ನೀಳವಾಗಿ ಚಾಚಿ, ಕಡ್ಡಿಯ ತುದಿಯನ್ನು ಬಾಗಿಲಿನೊಳಗೆ ಮೇಲಿಂದ ಕೆಳಕ್ಕೆ ಒಮ್ಮೆ ಆಡಿಸಿ, ಆಮೇಲೆ ಕಾಲಿಡುತ್ತಿದ್ದಳು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿರುತ್ತಿತ್ತು. ಆ ಚೌಕವನ್ನು ಅವಳು ತುಳಿಯುತ್ತಿರಲಿಲ್ಲ.

"ಯಾರಿದ್ದಾರಮ್ಮ ಒಳಗೆ?" ಎಂದು ಮಗಳು ಒಂದು ದಿನ ಕೇಳಿದಳು.

"ಯಾರೂ ಇಲ್ಲ ಅಂತ ಗೊತ್ತಾಗ್ಲಿ ಅಂತ."

ನಗಬೇಕೆನಿಸಿದರೂ ಮಗಳು ನಗಲಿಲ್ಲ. ನಗುವ ಯೋಗ್ಯತೆ ಅವಳಿಗೂ ಇರಲಿಲ್ಲ. ಕೂಸು ಗುಂಡಣ್ಣ ಮಲಗಿದಾಗ ಗಂಟೆಗೆ ನಾಲ್ಕು ಸಲ ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವವಳು ಅವಳು. ಚಮಚವನ್ನು ಎರಡು ಸಲ ಕುದಿಸಿ, ಎರಡನೇ ಸಲ ಕುದಿಸಿದ್ದೆನೋ ಇಲ್ಲವೋ ಎಂದು ಮೂರನೇ ಸಲ ಕುದಿಸುವವಳು. ಔಷಧಿ ಡಬ್ಬಿಯೊಳಗಿನ ಇರುವೆಗಾಲಿನಂಥ ಅಕ್ಷರದ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿ, ಅದರಲ್ಲಿದ್ದ ತೊಂದರೆಗಳೆಲ್ಲ ಮಗುವಿಗೆ ಬಂದೇಬಿಟ್ಟವು ಎಂದು ಕೂತು ಅಳುವವಳು. ಹುಚ್ಚು ತಾಯಿಯಿಂದಲೇ ಬಂದಿರಬೇಕು ಎಂದು ಗಂಡ ಫೋನಿನಲ್ಲಿ ನಕ್ಕಿದ್ದ.

ಆದರೆ ಅಮ್ಮನದು ಹುಚ್ಚಾಗಿರಲಿಲ್ಲ, ನೌಕರಿಯಾಗಿತ್ತು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ವಿಮಾನ ನಿಲ್ದಾಣಕ್ಕೆ ಗುಡಿಸುವವಳಾಗಿ ಸೇರಿದ್ದು. ಬೆಳಕು ಹರಿಯುವ ಹೊತ್ತಿಗೆ ಹನ್ನೆರಡು ಜನ ಹೆಂಗಸರು ಓಡುದಾರಿಯ ಅಗಲಕ್ಕೂ ಸಾಲಾಗಿ ನಿಂತು, ತಲೆ ತಗ್ಗಿಸಿ, ಕಲ್ಲು, ತಿರುಪು, ತಂತಿಯ ಚೂರು ಹುಡುಕುತ್ತ ನಡೆಯಬೇಕು. ಒಂದು ತಿರುಪು ಸಾಕು, ವಿಮಾನದ ಹೊಟ್ಟೆ ಕೆಡಿಸುವುದಕ್ಕೆ. ಇಪ್ಪತ್ತು ವರ್ಷ ಹೀಗೆ ನೆಲ ನೋಡಿ ನಡೆದವಳಿಗೆ ತಲೆಯ ಮೇಲೆ ಹಾರಿದ ವಿಮಾನಗಳ ಬಣ್ಣವೂ ಸರಿಯಾಗಿ ಗೊತ್ತಿರಲಿಲ್ಲ.

ಆರು ವರ್ಷದ ಹಿಂದೆ ನಿಲ್ದಾಣದ ಒಂದು ಮೂಲೆಗೆ ಎತ್ತರದ ಗೋಡೆ ಎದ್ದಿತು. ಒಳಗೆ ಬಿಳಿಯ ದೊಡ್ಡ ಟ್ಯಾಂಕು, ತೋಳಿನಷ್ಟು ದಪ್ಪದ ಕೊಳವೆಗಳು, ಇಪ್ಪತ್ತು ಸೀಟಿನ ಒಂದು ಪುಟ್ಟ ವಿಮಾನ. ಸೀಮೆಎಣ್ಣೆಯ ಜಾತಿಯ ಇಂಧನದ ಕಾಲ ಮುಗಿಯುತ್ತಾ ಬಂತು, ಇನ್ನು ಹೈಡ್ರೋಜನ್ನಿನಲ್ಲಿ ಹಾರುತ್ತೇವೆ ಎಂದರು. ಗುಡಿಸಲು ಹೋಗಿದ್ದ ಅಮ್ಮನಿಗೆ ಅಲ್ಲಿನ ದೊಡ್ಡ ಇಂಜಿನಿಯರು ನಿಂತು ವಿವರಿಸಿದ್ದರಂತೆ.

"ನೀರಿಂದಾನೇ ತೆಗೆಯೋ ಅನಿಲ ಕಣಮ್ಮ ಇದು. ಉರಿದ ಮೇಲೆ ಮತ್ತೆ ನೀರೇ ಆಗುತ್ತೆ. ಹೊಗೆ ಇಲ್ಲ, ಮಸಿ ಇಲ್ಲ, ವಾಸನೆ ಇಲ್ಲ."

"ಹಾಗಾದ್ರೆ ನನಗೆ ಗುಡಿಸೋಕೆ ಏನೂ ಉಳಿಯಲ್ಲ ಬಿಡಿ ಸಾರ್."

ಇಂಜಿನಿಯರು ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. "ಅದೇ ತೊಂದರೆ. ಇದರ ಬೆಂಕಿ ಹಗಲಲ್ಲಿ ಕಾಣಲ್ಲ. ಹತ್ತಿರ ಹೋದ್ರೂ ಬಿಸಿ ತಟ್ಟಲ್ಲ. ಒಳಗೇ ಕಾಲಿಟ್ಟ ಮೇಲೆ ಗೊತ್ತಾಗುತ್ತೆ."

ಆಮೇಲೆ ಅವರು ಅಮ್ಮನ ಕೈಯಲ್ಲಿದ್ದ ಪೊರಕೆಯನ್ನು ಬಹಳ ಹೊತ್ತು ನೋಡಿದರಂತೆ.

ಅವತ್ತಿನಿಂದ ಅಮ್ಮನ ಕೆಲಸ ಬದಲಾಯಿತು. ಟ್ಯಾಂಕಿನಿಂದ ವಿಮಾನಕ್ಕೆ ಇಂಧನ ತುಂಬಲು ಶುರುಮಾಡಿದ ಮೇಲೆ ಕೊಳವೆಯ ಉದ್ದಕ್ಕೂ, ಅದರ ಒಂದೊಂದು ಜೋಡಣೆಯ ಸುತ್ತಲೂ, ಹುಲ್ಲುಕಡ್ಡಿಯ ಪೊರಕೆಯನ್ನು ಮುಂದೆ ಚಾಚಿಕೊಂಡು ನಿಧಾನವಾಗಿ ನಡೆಯಬೇಕು. ಸಣ್ಣ ಸೋರಿಕೆಗೆ ತಾನಾಗಿಯೇ ಕಿಡಿ ಹತ್ತಿ ಉರಿಯುತ್ತಿದ್ದರೆ ಕಣ್ಣಿಗೆ ಕಾಣದು, ಪೊರಕೆಯ ತುದಿ ಸುಡುತ್ತದೆ. ಸುಟ್ಟರೆ ಹಿಂದಕ್ಕೆ ಸರಿದು ಕೂಗಬೇಕು. ಅಷ್ಟೇ ಕೆಲಸ. ಎಲ್ಲರೂ ಅವಳನ್ನು ಪೊರಕೆಯಮ್ಮ ಎಂದು ಕರೆಯತೊಡಗಿದರು. ಕವಾಟ ತಿರುಗಿಸುವ ಕೆಲಸದವನಿಗೆ ವಾಲ್ವಣ್ಣ ಎಂಬ ಹೆಸರು ಮೊದಲೇ ಬಿದ್ದಿತ್ತು.

"ಅಕ್ಕ, ಲೋಕದಲ್ಲಿ ಎಲ್ಲರೂ ಕಸಕ್ಕೆ ಪೊರಕೆ ಹಿಡಿದ್ರೆ ನೀವು ಗಾಳಿಗೆ ಹಿಡಿದಿದ್ದೀರಲ್ಲ," ಎಂದು ಅವನು ರೇಗಿಸುತ್ತಿದ್ದ.

"ಗಾಳಿ ಸಿಗದೆ ಹೋದ್ರೆ ನಿನ್ನ ಬೆನ್ನು ಹತ್ತಿರಾನೇ ಇದೆ, ಸುಮ್ನಿರು."

ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ನಡೆಯುತ್ತಿದ್ದಾಗ ಕೈಯಲ್ಲಿದ್ದ ಪೊರಕೆ ಗಿಡ್ಡವಾಗತೊಡಗಿತು. ಜ್ವಾಲೆ ಇಲ್ಲ, ಹೊಗೆ ಇಲ್ಲ. ಕಡ್ಡಿಗಳ ತುದಿ ಬಿಸಿಲಿನಲ್ಲಿ ಕರಗಿದ ಹಾಗೆ ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು. ಕಣ್ಣು ಮಂಜಾಯಿತೇನೋ ಎಂದುಕೊಂಡ ಅವಳು ನಡೆಯುತ್ತಲೇ ಒರೆಸಿಕೊಳ್ಳಲು ಕೈ ಎತ್ತಿದಳು. ಎತ್ತಿದ ಬಲಗೈ ಆ ಬೆಂಕಿಯೊಳಗೇ ಹೋಯಿತು. ಈಗಲೂ ಅವಳ ಬಲ ಮುಂಗೈ ಮೇಲೆ ಒಂದು ರೋಮವಿಲ್ಲ, ಮೇಣ ಹಚ್ಚಿದ ಹಾಗೆ ನುಣ್ಣಗೆ ಹೊಳೆಯುತ್ತದೆ. ಗುಂಡಣ್ಣನಿಗೆ ಅದನ್ನು ಸವರುತ್ತಾ ಮಲಗುವುದೆಂದರೆ ಬಲು ಇಷ್ಟ.

"ಉರಿ ಅಂದ್ರೆ ಕೂಗಾಡುತ್ತೆ, ಕಾಣಿಸ್ಕೊಳ್ಳುತ್ತೆ. ಇದು ಸುಮ್ನೆ ನಿಂತ್ಕೊಂಡಿರುತ್ತೆ," ಎಂದು ಅಮ್ಮ ಒಮ್ಮೆ ಹೇಳಿದ್ದಳು. ಆ ಮಾತು ಮಗಳ ತಲೆಯಲ್ಲಿ ಹುಳವಾಗಿ ಕೂತುಬಿಟ್ಟಿತು. ಖಾಲಿ ಕೋಣೆಯ ಬಿಸಿಲಿನ ಚೌಕ ಕಂಡರೆ ಅವಳೂ ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಳ್ಳುವಂತಾಯಿತು.

ಆಮೇಲಾಮೇಲೆ ಆ ಅಂಗಳಕ್ಕೆ ಯಂತ್ರಗಳು ಬಂದವು. ಕಂಬದ ಮೇಲೆ ಕೂತು ಬೆಂಕಿಯನ್ನು ಪತ್ತೆಹಚ್ಚುವ ಯಂತ್ರದ ಕಣ್ಣು, ಸೋರಿದ ಅನಿಲವನ್ನು ಹಿಡಿಯುವ ಯಂತ್ರದ ಮೂಗು. ಪರದೆಯಲ್ಲಿ ಹಸಿರು ದೀಪ ಉರಿದರೆ ಎಲ್ಲ ಸರಿ. ಆದರೂ ದೊಡ್ಡ ಇಂಜಿನಿಯರು ಹಟ ಹಿಡಿದು ಪೊರಕೆ ಸುತ್ತನ್ನು ಉಳಿಸಿಕೊಂಡರು. ಇಂಧನ ತುಂಬುವ ಪುಸ್ತಕದಲ್ಲಿ ಕೊನೆಯ ಸಾಲು ಅದೇ, ಅದರ ಮುಂದೆ ಅಮ್ಮನ ಸಹಿ. ಉಗ್ರಾಣದವರು ಮಾತ್ರ ಹುಲ್ಲಿನ ಪೊರಕೆ ತರಿಸುವುದನ್ನು ನಿಲ್ಲಿಸಿ ಪ್ಲಾಸ್ಟಿಕ್ಕಿನದು ತುಂಬಿಸಿದ್ದರು. ಕೊನೆಯ ಒಂದು ಹುಲ್ಲಿನ ಪೊರಕೆಯನ್ನು ಅಮ್ಮ ಕಣ್ಣಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಆ ಶನಿವಾರ ಪುಟ್ಟ ವಿಮಾನ ಮೊದಲ ಸಲ ಪ್ರಯಾಣಿಕರನ್ನು ಹೊತ್ತು ಹಾರುವುದಿತ್ತು. ಊರಿನ ಮೇಲೆ ಕಾಲು ಗಂಟೆ ಸುತ್ತು. ಕೆಲಸದವರ ಹೆಸರಲ್ಲೇ ಚೀಟಿ ಎತ್ತಿದ್ದರು, ಅಮ್ಮನ ಚೀಟಿ ಬಂದಿತ್ತು.

"ನಾನು ಹತ್ತಿದ್ರೆ ಕೆಳಗೆ ಸುತ್ತು ಹಾಕೋರು ಯಾರು? ನೀನು ಹೋಗು," ಎಂದಳು ಅಮ್ಮ. "ಗುಂಡಣ್ಣನ್ನೂ ಕರ್ಕೊಂಡು ಹೋಗು. ನಾನು ಇಪ್ಪತ್ತಾರು ವರ್ಷ ನೆಲಾನೇ ನೋಡಿದ್ದಾಯ್ತು. ನಮ್ಮನೆಯಿಂದ ಯಾರಾದ್ರೂ ಮೇಲಿಂದ ನೋಡ್ಲಿ."

ಮಗಳಿಗೆ ನಾಲ್ಕು ದಿನ ನಿದ್ದೆ ಹತ್ತಲಿಲ್ಲ. ಮಗುವಿನ ಕಿವಿಗೆ ಏನಾದರೂ ಆದೀತೇ, ಬಾಗಿಲು ತೆರೆದುಕೊಂಡರೆ, ಟ್ಯಾಂಕು ಒಡೆದರೆ ಎಂದು ಕೇಳಿಕೇಳಿ ಅಮ್ಮನ ತಲೆ ತಿಂದಳು.

ಕೊನೆಗೆ ಅಮ್ಮ ಅವಳ ಗಲ್ಲ ಹಿಡಿದು ಹೇಳಿದಳು, "ನೋಡು, ಅಷ್ಟು ಹೆದರಿಕೆ ಇದ್ರೆ ಬೇಡ. ಆದ್ರೆ ನಾನು ಪೊರಕೆ ಹಿಡಿದು ಹೋಗಿ ಬಂದು 'ಸರಿ ಇದೆ' ಅಂದ ಮೇಲೇ ನೀನು ಹತ್ತೋದು. ನಾನು ಅಂದ್ಮೇಲೆ ಸರಿ ಇರುತ್ತೆ."

ಆ ಒಂದು ಮಾತಿನ ಮೇಲೆ ಮಗಳು ಒಪ್ಪಿದಳು.

ಶನಿವಾರ ಗೋಡೆಯೊಳಗಿನ ಅಂಗಳ ಗುರುತು ಸಿಗದಂತೆ ಸಿಂಗಾರವಾಗಿತ್ತು. ಧೂಳು ಏಳಬಾರದೆಂದು ಬೆಳಿಗ್ಗೆಯಿಂದ ಪೈಪು ಹಿಡಿದು ನೆಲಕ್ಕೂ ಗೋಡೆಗೂ ನೀರು ಹೊಡೆದಿದ್ದರು. ಕಂಬದಿಂದ ಕಂಬಕ್ಕೆ 'ಸ್ವಾಗತ' ಎಂದು ಬರೆದ ಉದ್ದನೆಯ ಬಟ್ಟೆ ಕಟ್ಟಿದ್ದರು. ಮಕ್ಕಳಿಗೆಲ್ಲ ಗಾಳಿಗೆ ತಿರುಗುವ ಕೆಂಪು ಕಾಗದದ ಗಿರಗಿಟ್ಲೆ ಹಂಚಿದ್ದರು. ಧ್ವನಿವರ್ಧಕದಲ್ಲಿ ವಾದ್ಯದ ಸದ್ದು ಕಿವಿ ಕಚ್ಚುತ್ತಿತ್ತು. ಸಾಲು ಕುರ್ಚಿಗಳಿಂದ ವಿಮಾನದ ಏಣಿಯವರೆಗೆ ಹಾಸುಗಂಬಳಿ ಹಾಸಿದ್ದರು, ಇಂಧನದ ಕೊಳವೆಯ ಪಕ್ಕದಲ್ಲೇ. ಇಷ್ಟು ಹೊತ್ತಿಗೆ ಕೊಳವೆಯ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. ಒಳಗೆ ಹರಿಯುವುದು ಅಷ್ಟು ತಣ್ಣಗಿನದು ಎಂದು ಅಮ್ಮ ಹೇಳಿದ್ದಳು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅಮ್ಮ ಗೋಡೆಗೆ ಒರಗಿಸಿದ್ದ ಪೊರಕೆ ಎತ್ತಿಕೊಂಡು ಹೊರಟಳು. ಮಗಳು ಕುರ್ಚಿಯ ತುದಿಯಲ್ಲಿ ಕೂತು ನೋಡಿದಳು. ಚಾಚಿದ ಕೈ, ಎಳೆದೆಳೆದು ಇಡುವ ಹೆಜ್ಜೆ, ಜೋಡಣೆಗಳ ಬಳಿ ಪೊರಕೆಯ ಒಂದು ಸುತ್ತು. ಯಾರನ್ನೋ ಕೈಹಿಡಿದು ನಡೆಸಿಕೊಂಡು ಹೋಗುತ್ತಿರುವ ಹಾಗಿತ್ತು, ಆ ಇನ್ನೊಬ್ಬರು ಮಾತ್ರ ಕಾಣುತ್ತಿರಲಿಲ್ಲ. ಪೊರಕೆಗೆ ಏನೂ ಆಗಲಿಲ್ಲ. ಅಮ್ಮ ಪುಸ್ತಕಕ್ಕೆ ಸಹಿ ಹಾಕಿ ಬಂದಳು.

"ಸರಿ ಇದೆ," ಎಂದು ಮಗಳ ಪಕ್ಕ ಕೂತು ಗುಂಡಣ್ಣನನ್ನು ಎತ್ತಿಕೊಂಡಳು.

ಮಗಳು ಬಹಳ ದಿನದ ಮೇಲೆ ಪೂರ್ತಿ ಉಸಿರು ಬಿಟ್ಟಳು.

ಆಗ ಒಂದು ಏರೋಪ್ಲೇನ್ ಚಿಟ್ಟೆ, ಗಾಜಿನ ರೆಕ್ಕೆಯದು, ಒದ್ದೆ ನೆಲದ ತಂಪಿಗೆ ಬಂದದ್ದು, ಕೊಳವೆಯ ಗುಂಟ ಹಾರುತ್ತಿತ್ತು. ಮಗಳು ಅದನ್ನು ಮಗುವಿಗೆ ತೋರಿಸಲು ಬೆರಳು ಎತ್ತಿದಳು. ಮೂರನೆಯ ಜೋಡಣೆಯ ಹತ್ತಿರ, ಸ್ವಾಗತದ ಬಟ್ಟೆಯ ಕೆಳಗೆ, ಅದು ಇತ್ತು. ಮರುಕ್ಷಣ ಇರಲಿಲ್ಲ. ತಿರುಗಿ ಹೋದದ್ದೂ ಕಾಣಲಿಲ್ಲ, ಕೂತದ್ದೂ ಕಾಣಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತೇನೋ ಎಂದುಕೊಂಡಳು. ಹಾಳು ಮನಸ್ಸು, ಎಲ್ಲೆಲ್ಲೂ ಅದಕ್ಕೆ ಕೇಡೇ ಕಾಣುತ್ತದೆ ಎಂದು ತನ್ನನ್ನೇ ಬೈದುಕೊಂಡಳು. ಗುಂಡಣ್ಣ ಮಾತ್ರ ಆ ಜಾಗದಿಂದ ಕಣ್ಣು ಕೀಳಲಿಲ್ಲ. ಅಲ್ಲಿ ಹಿಂದಿನ ಬಿಳಿ ಗೋಡೆ ನೀರಿನೊಳಗೆ ಕಂಡ ಹಾಗೆ ಸಣ್ಣಗೆ ಅಲುಗುತ್ತಿತ್ತು. ಮಗು ಅದನ್ನು ನೋಡಿ, ಗುರುತಿನವರನ್ನು ಕಂಡ ಹಾಗೆ, ಬೊಚ್ಚುಬಾಯಿ ತೆರೆದು ನಕ್ಕಿತು.

"ಕೈಕೂಸು ಇರೋರು ಮೊದಲು ಬನ್ನಿ," ಎಂದು ಧ್ವನಿವರ್ಧಕ ಕರೆಯಿತು.

ಕೈಕೂಸು ಇದ್ದದ್ದು ಇವಳೊಬ್ಬಳಿಗೇ. ಮಗಳು ಚೀಲ ಹೆಗಲಿಗೇರಿಸಿ ಎದ್ದು ಮಗುವಿಗಾಗಿ ಕೈ ಚಾಚಿದಳು. ಗುಂಡಣ್ಣ ಅಷ್ಟರಲ್ಲಿ ಅಜ್ಜಿಯ ಮಡಿಲಲ್ಲಿದ್ದ ಪೊರಕೆಯ ಒಂದು ಕಡ್ಡಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದ.

"ಥೂ, ಕೊಳಕು. ನೋಡ್ಬಾರ್ದೇನಮ್ಮ?" ಎಂದು ಮಗಳು ಕಡ್ಡಿಯನ್ನು ಎಳೆದಳು. ಅದು ಮುರಿಯಲಿಲ್ಲ, ಹಸಿ ನಾರಿನ ಹಾಗೆ ಬಾಗಿತು. "ಎಲ್ಲಾ ಒದ್ದೆ ಮಾಡಿದ್ದಾನೆ."

"ಜೊಲ್ಲು ಬಿಡೆ, ಏನಾಗಲ್ಲ."

"ಇಷ್ಟು ಮೇಲಿನ ತನಕಾನೂ ಜೊಲ್ಲಾ?"

ಅಮ್ಮ ಪೊರಕೆಯ ಬುಡವನ್ನು ಮುಷ್ಟಿಯಲ್ಲಿ ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿದು, ಮೊಣಕೈಗೆ ಹರಿದು, ನೆಲಕ್ಕೆ ತೊಟ್ಟಿಕ್ಕಿತು. ಗೋಡೆಗೆ ಒರಗಿಸಿಟ್ಟ ಪೊರಕೆ. ಗೋಡೆಗೆ ಬೆಳಿಗ್ಗೆಯಿಂದ ಹೊಡೆದ ನೀರು. ಆರು ವರ್ಷದಲ್ಲಿ ಒಂದು ದಿನವೂ ಒದ್ದೆಯಾಗದ ಪೊರಕೆಯನ್ನು ಇವತ್ತೂ ಒದ್ದೆಯಾಗಿರದು ಎಂದೇ ಹಿಡಿದುಕೊಂಡು ಹೋಗಿದ್ದಳು. ಸದಾ ಒಂದಿಲ್ಲೊಂದು ಲೆಕ್ಕಾಚಾರದಲ್ಲಿರುವ ಅವಳ ಮುಖ, ದೀಪ ಆರಿಸಿದ ಕೋಣೆಯಂತಾದದ್ದನ್ನು ಮಗಳು ಮೊದಲ ಸಲ ಕಂಡಳು.

"ಕೂತ್ಕೋ," ಎಂದಳು ಅಮ್ಮ, ಮೆಲ್ಲಗೆ. "ಮಗೂನ ಹಿಡ್ಕೊಂಡು ಇಲ್ಲೇ ಕೂತ್ಕೋ. ಯಾರು ಕರೆದ್ರೂ ಏಳ್ಬೇಡ."

ತುರುಬಿಗೆ ಕೈಹಾಕಿದಳು. ಇವತ್ತು ಸಮಾರಂಭವೆಂದು ನೀಟಾಗಿ ಬಾಚಿಕೊಂಡು ಬಂದಿದ್ದಳು, ಕಡ್ಡಿ ಇರಲಿಲ್ಲ. ಸುತ್ತ ನೋಡಿದಳು. ಆಮೇಲೆ ಗುಂಡಣ್ಣನ ಕೈಯಿಂದ ಗಿರಗಿಟ್ಲೆ ಕಿತ್ತುಕೊಂಡಳು. ಮಗು ಚೀರಿ ಅಳತೊಡಗಿತು.

ಹಾಸುಗಂಬಳಿಯ ಮೇಲೆ, ಅಷ್ಟೂ ಜನರ ಮುಂದೆ, ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಮಕ್ಕಳ ಆಟಿಕೆಯನ್ನು ಮುಂದೆ ಚಾಚಿಕೊಂಡು ಹೆಜ್ಜೆಹೆಜ್ಜೆಗೆ ನಿಲ್ಲುತ್ತಾ ಹೊರಟಳು. ಕುರ್ಚಿಗಳಲ್ಲಿ ಯಾರೋ ನಕ್ಕರು. ಇನ್ನಷ್ಟು ಜನ ನಕ್ಕರು.

"ಅಕ್ಕ, ಸುತ್ತು ಆಗಿದೆಯಲ್ಲ," ಎಂದ ಕವಾಟದ ಬಳಿ ನಿಂತಿದ್ದ ವಾಲ್ವಣ್ಣ. "ಪರದೇಲೂ ಹಸಿರೇ ಇದೆ."

"ಆಗಿಲ್ಲ. ನೀನು ಚಕ್ರದ ಮೇಲೆ ಕೈಯಿಟ್ಟಿರು."

ಮೊದಲ ಜೋಡಣೆ ದಾಟಿತು. ಎರಡನೆಯದು ದಾಟಿತು. ಗಿರಗಿಟ್ಲೆ ಗಾಳಿಗೆ ಸೋಮಾರಿಯಾಗಿ ತಿರುಗುತ್ತಿತ್ತು. ಮೂರನೆಯದರ ಹತ್ತಿರ, ಸ್ವಾಗತದ ಬಟ್ಟೆಯ ಕೆಳಗೆ, ಅದು ಒಮ್ಮೆಲೇ ಭರ್ರನೆ ತಿರುಗಿತು, ಯಾರೋ ಎದುರಿಗೆ ನಿಂತು ಊದಿದ ಹಾಗೆ. ಕೆಂಪು ಅಂಚು ಕಪ್ಪಾಯಿತು. ಕಪ್ಪು ಇಲ್ಲವಾಯಿತು. ಅಮ್ಮನ ಕೈಯಲ್ಲಿ ಒಂದು ಕೋಲು ಮತ್ತು ಒಂದು ಗುಂಡುಸೂಜಿ ಉಳಿದವು.

ನಗು ಎಲ್ಲಿ ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಮಗಳ ಕಣ್ಣು ಆ ಎತ್ತರವನ್ನು ಅಳೆಯಿತು, ಅಳೆಯಬಾರದು ಎಂದುಕೊಂಡರೂ ಅಳೆಯಿತು. ಹಾಸುಗಂಬಳಿಯ ಮೇಲೆ ಒಬ್ಬ ಹೆಂಗಸು ನಡೆದು ಹೋದರೆ ಅವಳ ಸೊಂಟದ ಮೇಲೆ ಕೂತ ಮಗುವಿನ ತಲೆ ಎಲ್ಲಿ ಬರುತ್ತದೆಯೋ ಅಲ್ಲಿ.

"ಮುಚ್ಚು," ಎಂದಳು ಅಮ್ಮ, ಎರಡು ಹೆಜ್ಜೆ ಹಿಂದೆ ಸರಿದು.

ವಾಲ್ವಣ್ಣ ಚಕ್ರ ತಿರುಗಿಸಿದ. ಜನರನ್ನೆಲ್ಲ ಗೋಡೆಯಾಚೆಗೆ ಕಳಿಸಿದರು. ದೊಡ್ಡ ಇಂಜಿನಿಯರು ಓಡಿ ಬಂದು, ಮೇಲೆ ನೋಡಿ, ತಾವೇ ಏಣಿ ಹತ್ತಿ ಸ್ವಾಗತದ ಬಟ್ಟೆಯನ್ನು ಹರಿದು ಎಳೆದರು. ಅದರ ಹಿಂದೆ ಯಂತ್ರದ ಕಣ್ಣು ಇತ್ತು, ಬೆಳಿಗ್ಗೆಯಿಂದ ಬಟ್ಟೆಯನ್ನೇ ನೋಡುತ್ತಾ. ಅನಿಲ ಸೋರಿದ್ದಷ್ಟೂ ಅಲ್ಲೇ ಉರಿದುಹೋಗುತ್ತಿದ್ದುದರಿಂದ ಯಂತ್ರದ ಮೂಗಿಗೂ ಏನೂ ಸಿಕ್ಕಿರಲಿಲ್ಲ.

"ಆರಿತಾ ಸಾರ್?" ಎಂದು ವಾಲ್ವಣ್ಣ ಕೇಳಿದ.

ಪರದೆಯಲ್ಲಿ ಹಸಿರು ಇತ್ತು. ಬೆಳಿಗ್ಗೆಯಿಂದಲೂ ಹಸಿರೇ ಇತ್ತು. ಇಬ್ಬರು ಗಂಡಸರೂ ಆ ಖಾಲಿ ಜಾಗವನ್ನು ನೋಡುತ್ತಾ ನಿಂತರು, ಒಬ್ಬರೂ ಕಾಲು ಮುಂದಿಡಲಿಲ್ಲ. ಬೆಂಕಿ ಇದ್ದಾಗಲೂ ಹೀಗೇ ಇತ್ತು. ಈಗಲೂ ಹೀಗೇ ಇದೆ.

ಅಮ್ಮ ಖಾಲಿ ಕುರ್ಚಿಯ ಮೇಲೆ ಬಿದ್ದಿದ್ದ ಇನ್ನೊಂದು ಗಿರಗಿಟ್ಲೆ ಎತ್ತಿಕೊಂಡಳು. ಮಗಳು ಗೋಡೆಯ ಬಾಗಿಲಲ್ಲಿ ಮಗುವನ್ನು ಅವಚಿಕೊಂಡು ನಿಂತು, "ಅಮ್ಮ, ಬೇಡ," ಎಂದಳು. ಅಮ್ಮ ಅತ್ತ ತಿರುಗಲಿಲ್ಲ. ಮತ್ತೆ ಅದೇ ನಡಿಗೆ. ಮೂರನೆಯ ಜೋಡಣೆಯ ಮುಂದೆ ಕೆಂಪು ಕಾಗದ ಮೆಲ್ಲಗೆ ತಿರುಗಿತು, ನಿಂತಿತು, ತಿರುಗಿತು. ಅವಳು ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ತನ್ನ ರೋಮವಿಲ್ಲದ ಕೈಯನ್ನು ಅಲ್ಲಿ ಇಟ್ಟಳು.

"ಆರಿದೆ."

ಸಂಜೆ ದೊಡ್ಡ ಇಂಜಿನಿಯರು ಪುಸ್ತಕ ತೆರೆದು ಕೂತಿದ್ದಾಗ ಅಮ್ಮ ಎದುರಿಗೆ ನಿಂತಳಂತೆ. "ಇವತ್ತು ನೀವಿಲ್ಲದೆ ಇದ್ರೆ," ಎಂದು ಅವರು ಶುರುಮಾಡಿದರು.

"ಅದು ಹಾಗಿರ್ಲಿ ಸಾರ್. ಒದ್ದೆ ಪೊರಕೆ ಹಿಡ್ಕೊಂಡು ಸರಿ ಇದೆ ಅಂದಿದ್ದು ನಾನು. ಅದನ್ನ ಮೊದಲು ಬರೀರಿ."

ಅವರು ಬರೆದರು. ಅದರ ಕೆಳಗೆ ಅಮ್ಮ ಹೇಳಿದ ಇನ್ನೊಂದು ಸಾಲನ್ನೂ ಬರೆದರು. ಪ್ರತಿ ಸುತ್ತಿಗೂ ಮುಂಚೆ ಪೊರಕೆಯ ಒಂದು ಕಡ್ಡಿಯನ್ನು ಬೇರೊಬ್ಬರ ಕಿವಿಯ ಹತ್ತಿರ ಮುರಿಯಬೇಕು. ಟಕ್ ಎಂದು ಕೇಳಿದರೆ ಒಣಗಿದೆ. ಆ ಕಿವಿ ವಾಲ್ವಣ್ಣನದಾಯಿತು. ಅಂದಿನಿಂದ ಅವನು ಅಮ್ಮನನ್ನು ರೇಗಿಸುವುದನ್ನು ಬಿಟ್ಟ, ಅದೇ ಅಮ್ಮನಿಗೆ ಬೇಜಾರು.

ಎರಡೂವರೆ ತಿಂಗಳ ಮೇಲೆ ವಿಮಾನ ಹಾರಿತು. ಅಮ್ಮನ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಮಗಳು ಮನೆಯ ಮುಂದೆ ನಿಂತು ಮಗುವಿಗೆ ತೋರಿಸಿದಳು. ಬಾಲದ ಹಿಂದೆ ಹೊಗೆ ಇರಲಿಲ್ಲ, ಒಂದು ಬಿಳಿ ಎಳೆ ಇತ್ತು, ಅದೂ ಕರಗಿತು. "ಒಳ್ಳೇದೇ ಬಂತು, ಗಾಳಿ ಚೊಕ್ಕಟ ಆಗುತ್ತೆ," ಎಂದರು ಪಕ್ಕದ ಮನೆಯವರು. ಮಗಳೂ ಹೌದೆಂದಳು. ಗುಂಡಣ್ಣ ದೊಡ್ಡವನಾದ ಮೇಲೆ ಹೊಗೆ ಉಗುಳುವ ವಿಮಾನವನ್ನು ಚಿತ್ರದಲ್ಲಷ್ಟೇ ನೋಡಿಯಾನು, ಒಳ್ಳೆಯದೇ.

ಮಧ್ಯಾಹ್ನವಾಗಿತ್ತು. ಮಗುವಿಗೆ ಹಸಿವಾಗಿತ್ತು. ಮಗಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದು ಅಡುಗೆಮನೆಯ ಹೊಸ್ತಿಲ ಮುಂದೆ ನಿಂತಳು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಗುಂಡಣ್ಣ ಅವಳ ಭುಜದ ಮೇಲಿಂದ ಅತ್ತಲೇ ನೋಡಿ, ಬೊಚ್ಚುಬಾಯಿ ತೆರೆದು ನಕ್ಕ.

ಅವಳೂ ತನ್ನ ತುರುಬಿನಿಂದ ಕಡ್ಡಿ ಎಳೆದು, ತುದಿಯನ್ನು ತನ್ನ ಕಿವಿಯ ಹತ್ತಿರ ಹಿಡಿದು ಮುರಿದಳು.

ಟಕ್.

ಉಳಿದ ಕಡ್ಡಿಯನ್ನು ಬಾಗಿಲಿನೊಳಕ್ಕೆ ಚಾಚಿ ನಿಂತಳು.